ಎಂಬತ್ತರಲ್ಲಿ ಐದು

ಭಾಷಣದ ಕಾಗದವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದೇ ಆ ಬೆಳಿಗ್ಗೆ ಅವಳಿಗೆ ದೊಡ್ಡ ಚಿಂತೆಯಾಗಿ ಕುಳಿತಿತ್ತು. ಹದಿನಾರು ವರ್ಷದಿಂದ ಅವಳು ಪರರ ಮಳೆಕೋಟಿನ ಜೇಬುಗಳ ನಡುವೆಯೇ ಬದುಕು ಸಾಗಿಸಿದವಳು. ಒಂದೊಂದು ಕೋಟಿಗೂ ಹೊರಗೆರಡು, ಒಳಗೊಂದು. ಆದರೆ ಅವಳ ಮೈಮೇಲಿನ ಬಟ್ಟೆಯಲ್ಲಿ ಒಂದು ಚೀಟಿ ತೂರಿಸುವಷ್ಟು ಜಾಗವನ್ನೂ ಯಾವ ದರ್ಜಿಯೂ ಬಿಟ್ಟಿರಲಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಬೆವರಿಗೆ ಶಾಯಿ ಹರಡೀತು, ಬುತ್ತಿಚೀಲಕ್ಕೆ ಹಾಕಿದರೆ ಎಣ್ಣೆ ಹತ್ತೀತು. ಕಾಗದದಲ್ಲಿ ಹನ್ನೊಂದು ಸಾಲುಗಳಿದ್ದವು, ಮ್ಯಾನೇಜರು ಸ್ವಂತ ಕೈಯಿಂದ ಬರೆದುಕೊಟ್ಟವು. 'ಜಗತ್ತಿನ ಹೆಣ್ಣುಮಕ್ಕಳೆಲ್ಲ ಒಂದೇ ತಾಯಿಯ ಮಕ್ಕಳು, ನಮ್ಮ ನಡುವೆ ಗಡಿಗಳಿಲ್ಲ' ಎಂದು ಶುರುವಾಗಿ 'ನಮ್ಮ ಕಂಪನಿಯೇ ನಮ್ಮ ತವರುಮನೆ' ಎಂಬಲ್ಲಿಗೆ ಮುಗಿಯುತ್ತಿತ್ತು. ತವರಿನಲ್ಲಿ ಯಾರೂ ಇಷ್ಟು ಬೇಗ ಎದ್ದು ಬಸ್ಸು ಹಿಡಿಯಲು ಹೇಳುವುದಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಏಕೆಂದರೆ ಆ ಹನ್ನೊಂದು ಸಾಲು ಸರಿಯಾಗಿ ಓದಿ, ಇವತ್ತಿನ ಮಾಲನ್ನು ತಪಾಸಣೆಯಲ್ಲಿ ಸಲೀಸಾಗಿ ದಾಟಿಸಿಬಿಟ್ಟರೆ ಬರುವ ತಿಂಗಳಿಂದ ಅವಳು ಮೇಲ್ವಿಚಾರಕಿ. ಗಾಜಿನ ಕೋಣೆ, ತಿರುಗುವ ಕುರ್ಚಿ. ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲವೆಂದು ಅವಳು ಎರಡು ಸಲ ಹೋಗಿ ನೋಡಿ ಬಂದಿದ್ದಳು.

"ಭಾಷಣ ಮಾಡ್ತೀಯಂತೆ?" ಎಂದ ಗಂಡ, ಗಡ್ಡಕ್ಕೆ ಸೋಪು ಬಳಿದುಕೊಳ್ಳುತ್ತ. "ಮನೇಲಿ ಮಾಡೋದು ಸಾಲದು ಅಂತ ಅಲ್ಲೂ ಮಾಡಿಸ್ತಾರಾ?"

"ಮಾಡ್ಲಿ ಬಿಡೋ," ಎಂದರು ಮೂಲೆಯ ಮಂಚದಿಂದ ಅತ್ತೆ. "ಮನೇಲಿ ಮಾಡಿದ್ದನ್ನ ಯಾರು ಕೇಳಿದೀರಿ? ಅಲ್ಲಾದ್ರೆ ಜನರನ್ನ ಕೂರಿಸಿ ಕೇಳಿಸ್ತಾರೆ." ಆಮೇಲೆ ಸೊಸೆಯನ್ನು ಹತ್ತಿರ ಕರೆದು, ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಕಾಗದವನ್ನು ನಾಲ್ಕಾಗಿ ಮಡಿಸಿ ಅವಳ ಸೊಂಟದ ಬಟ್ಟೆಯ ಒಳಮಗ್ಗುಲಿಗೆ ಚುಚ್ಚಿಕೊಟ್ಟರು. ಮಂಡಿನೋವಿನ ಆ ಮುದುಕಿ ಎದ್ದು ನಿಂತು ಇದನ್ನು ಮಾಡಿದ್ದು ಅವಳ ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಕೂತಾಗ ಪಿನ್ನು ಸ್ವಲ್ಪ ಚುಚ್ಚಿತು; ಅತ್ತೆಯ ಪ್ರೀತಿ ಅಂದಮೇಲೆ ಅಷ್ಟಿರಬೇಕಾದದ್ದೇ.

ಫ್ಯಾಕ್ಟರಿಯಲ್ಲಿ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಐದಕ್ಕ. ಮಾಲು ಕೊಳ್ಳುವ ಪರದೇಶದ ಕಂಪನಿಯ ಕಟ್ಟಳೆಯಿಂದ ಬಂದ ಹೆಸರು ಅದು. ರಾಶಿಯಿಂದ ಕಣ್ಣು ಮುಚ್ಚಿ ಎಂಬತ್ತು ಕೋಟು ತೆಗೆದು ನೋಡಬೇಕು. ಐದರವರೆಗೆ ಕೆಟ್ಟಿದ್ದರೆ ಕ್ಷಮೆಯುಂಟು. ಆರನೆಯದೊಂದು ಕೆಟ್ಟಿತೋ ಇಡೀ ರಾಶಿ ಕೆಟ್ಟಂತೆ, ಮೊದಲು ಬಟ್ಟೆ ಕತ್ತರಿಸಿದ ಫ್ಯಾಕ್ಟರಿಗೇ ಅದು ವಾಪಸು ಹೋಗಬೇಕು, ಅವರೇ ಹೊಸ ಬಟ್ಟೆಯಲ್ಲಿ ಮತ್ತೆ ಹೊಲಿದು ಕೊಡಬೇಕು. ತಪಾಸಣೆಯ ಮೇಜಿಗೆ ಬಂದ ಎಂಟು ವರ್ಷಗಳಲ್ಲಿ ಅವಳಿಗೆ ಒಮ್ಮೆಯೂ ಆರನೆಯದು ಕಂಡಿರಲಿಲ್ಲ. ಮೂರು, ನಾಲ್ಕು, ಹೆಚ್ಚೆಂದರೆ ಐದು. ಐದರ ಮೇಲೆ ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. "ನಮ್ಮನೇಲಿ ಇಲಿ ಕಾಟ ಜಾಸ್ತಿ ಕಣ್ರೇ, ಐದಕ್ಕನ್ನ ಕರೆಸಿ ಎಣಿಸಬೇಕು, ಐದಕ್ಕೇ ನಿಂತುಹೋಗುತ್ತೆ" ಎಂದು ಹೊಲಿಗೆ ಬಿಚ್ಚುವ ಕತ್ತರಿಯಮ್ಮ ಊಟದ ಹೊತ್ತಿನಲ್ಲಿ ಹೇಳಿದ್ದು, ಎಲ್ಲರೂ ನಕ್ಕದ್ದು, ತಾನು ಆಗಷ್ಟೇ ಒಳಗೆ ಬಂದದ್ದು, ಬಂದವಳು ತನಗೇನೂ ಕೇಳಿಸದಂತೆ ಬುತ್ತಿಯ ಮುಚ್ಚಳದ ಜೊತೆ ಗುದ್ದಾಡಿದ್ದು, ಎಲ್ಲ ಅವಳಿಗೆ ನೆನಪಿದೆ. ಮುಚ್ಚಳ ಬಿಗಿಯಾಗಿಯೇನೂ ಇರಲಿಲ್ಲ.

ಒಳಗೆ ಕಾಲಿಟ್ಟರೆ ತವರುಮನೆ ಸಿಂಗಾರಗೊಳ್ಳುತ್ತಿತ್ತು. ಕೋಟಿನ ಅಸ್ತರಿನ ಚೂರುಗಳನ್ನೇ ಜೋಡಿಸಿ ಹೊಲಿದ ಉದ್ದನೆಯ ಬ್ಯಾನರಿನ ಮೇಲೆ 'ಗಡಿಯಿಲ್ಲದ ಸೋದರಿಯರು' ಎಂದು ಬರೆದಿತ್ತು. ಕೊಳ್ಳುವ ಕಂಪನಿಯಿಂದ ಒಬ್ಬ ಹೆಂಗಸು ಬರುವವಳಿದ್ದಳು, ಹೆಣ್ಣುಮಕ್ಕಳ ಹಕ್ಕಿನ ವಿಭಾಗಕ್ಕೆ ಅವಳೇ ಮುಖ್ಯಸ್ಥೆಯಂತೆ. ಸಭೆಯೂ ಆಗಬೇಕು, ಮಾಲಿನ ಹಾಳೆಗೆ ಅವಳ ಸಹಿಯೂ ಬೀಳಬೇಕು. ಸಭೆ ಊಟದ ಬಿಡುವಿನಲ್ಲೇ ಎಂದು ಗೊತ್ತಾಗಿತ್ತು. ಹಕ್ಕಿನ ಮಾತಿಗಾಗಿ ಮಿಷನ್ನು ನಿಲ್ಲಿಸಲು ಆಗುತ್ತದೆಯೇ. ಬ್ಯಾನರಿನ ಒಂದು ತುದಿಯನ್ನು ಕಟ್ಟಲು ಮೊಳೆ ಸಿಗದೆ, ಮೇಲ್ವಿಚಾರಕರ ಮೇಜಿನ ಹಿಂದೆ ಬಿಲ್ಲೆಗಳು ನೇತಾಡುವ ಮೊಳೆಗೇ ಕಟ್ಟಿದ್ದರು.

ಆ ಬಿಲ್ಲೆಗಳು ಅಂಗೈಯಗಲದ ಮರದ ತುಂಡುಗಳು. ಶೌಚಕ್ಕೆ ಹೋಗುವವಳು ಅದನ್ನು ಕೈಯಲ್ಲಿ ಹಿಡಿದು ಹೋಗಬೇಕು. ಬಿಲ್ಲೆ ಮೊಳೆಯಲ್ಲಿ ಇಲ್ಲವೆಂದರೆ ಉಳಿದವರು ತಡೆದುಕೊಳ್ಳಬೇಕು. ಎಂಟು ವರ್ಷದ ಕೆಳಗೆ ನಲವತ್ತೆರಡು ಹೆಂಗಸರಿಗೆ ಒಂದೇ ಬಿಲ್ಲೆಯಿತ್ತು. ಪಕ್ಕದ ಮಿಷನ್ನಿನ ಉದ್ದಜಡೆಯವಳು ಎದ್ದು ನಿಂತು, "ದನಕ್ಕೂ ಇಷ್ಟು ಕಟ್ಟಳೆ ಇಲ್ಲ ಸಾರ್" ಎಂದಳು. ಅಲ್ಲಿಂದ ಶುರುವಾಗಿ ಎಲ್ಲರೂ ಒಂಬತ್ತು ದಿನ ಗೇಟಿನ ಹೊರಗೆ ಕೂತರು. ಇವಳೂ ಕೂತಿದ್ದಳು. ಬಿಸಿಲಿಗೆ ಉದ್ದಜಡೆ ತನ್ನ ಜಡೆಯ ತುದಿಯನ್ನೇ ಬೀಸಣಿಗೆ ಮಾಡಿ ಇವಳಿಗೆ ಗಾಳಿ ಹಾಕಿ ನಗಿಸಿದ್ದಳು. ಹತ್ತನೆಯ ದಿನ ಮ್ಯಾನೇಜರು ಗೇಟಿಗೆ ಬಂದು, "ಕೂತಿರಿ ತಾಯಂದಿರಾ, ನೆರಳಲ್ಲಿ ಕೂತಿರಿ. ನೀವು ಅರ್ಧ ಹೊಲಿದಿದ್ದ ಮಾಲು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಹೆಂಗಸರ ಕೈಲಿ ಮುಗಿದು, ಹಡಗು ಹತ್ತಿಯೂ ಆಯ್ತು" ಎಂದರು. ಬಯ್ದಿದ್ದರೆ ಎದುರಾಡಬಹುದಿತ್ತು. ಎಲ್ಲರೂ ಎದ್ದು ಹಿಂಭಾಗದ ಧೂಳು ಕೊಡವಿಕೊಂಡು ಒಳಗೆ ಹೋದರು. ಒಳಗೆ ಬಿಲ್ಲೆ ಕಾಣೆಯಾಗಿತ್ತು. ಉದ್ದಜಡೆಯೇ ಕದ್ದದ್ದನ್ನು ಕಣ್ಣಾರೆ ಕಂಡೆನೆಂದು ಬರೆದಿದ್ದ ಕಾಗದಕ್ಕೆ ಸಹಿ ಹಾಕಿದವಳು ಇವಳು. ಕಂಡಿರಲಿಲ್ಲ. ಕಂಪನಿಯ ಆಸ್ತಿ ಕದ್ದ ತಪ್ಪಿಗೆ ಉದ್ದಜಡೆಯ ಕೆಲಸ ಹೋಯಿತು, ಇವಳಿಗೆ ತಪಾಸಣೆಯ ಮೇಜು ಬಂತು, ಹೋರಾಟದ ಫಲವಾಗಿ ಒಂದಿದ್ದ ಬಿಲ್ಲೆ ಎರಡಾಯಿತು. ಹೋದ ವರ್ಷ ಆಸ್ಪತ್ರೆಯ ಸಾಲಿನಲ್ಲಿ ಉದ್ದಜಡೆ ಎದುರಾದಳು. ಇವಳು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವಳೇ ಬಂದು, "ನಿಮ್ಮತ್ತೆ ಮಂಡಿ ಹೇಗಿದೆಯೇ?" ಎಂದು ಕೇಳಿ, ಸಾಲಿನಲ್ಲಿ ತನ್ನ ಮುಂದೆ ಇವಳಿಗೆ ಜಾಗ ಬಿಟ್ಟಿದ್ದಳು. ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು.

ಈ ಸಲದ ಮಾಲು ಹದಿನೈದು ದಿನದ ಕೆಳಗೆ ಪೆಟ್ಟಿಗೆಗಳಲ್ಲಿ ಬಂದಿಳಿದಿತ್ತು. ಎರಡು ಸಾವಿರ ಮಳೆಕೋಟು. ಮೈ ಹೊಲಿದಾಗಿದೆ, ಜೇಬು ಹೊಲಿದಾಗಿದೆ, ತೋಳು ಮತ್ತು ತಲೆಗವಸು ಕೂಡಿಸುವುದು ಬಾಕಿ. "ಅದೇ ಫ್ಯಾಕ್ಟರಿ ಕಣಕ್ಕ," ಎಂದಿದ್ದ ಸರಕಿನ ಗುಮಾಸ್ತ, ಪೆಟ್ಟಿಗೆಯ ಮೇಲಿನ ಚೀಟಿ ಹರಿಯುತ್ತ. "ಆವತ್ತು ನಮ್ಮದು ಹೋಗಿತ್ತಲ್ಲ, ಅಲ್ಲಿಗೇ. ಈಗ ಅಲ್ಲಿನ ಹೆಂಗಸರು ಮಿಷನ್ನು ಬಿಟ್ಟು ಗೇಟಿನ ಹೊರಗೆ ಕೂತಿದಾರಂತೆ. ಅದೇನೋ ಕೇಳಿದ್ರಂತೆ." ಅದೇನೋ ಎಂದರೆ ಏನು ಎಂದು ಅವಳು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಹೆಚ್ಚಿನ ಹೊತ್ತಿನ ಕೆಲಸ ಸಿಕ್ಕಿತೆಂದು ನಲವತ್ತು ಮುಖಗಳೂ ಅರಳಿದ್ದವು. ಕತ್ತರಿಯಮ್ಮ ಮಗಳ ಬಾಣಂತನಕ್ಕೆ ಹೊಸ ಹಾಸಿಗೆ ಮಾಡಿಸುವ ಮಾತಾಡಿದ್ದಳು. ಆದರೆ ಕೋಟು ಬಿಡಿಸಿದರೆ ಜೇಬು ತೆರೆಯುತ್ತಿರಲಿಲ್ಲ. ಸಾಗಿಸುವಾಗ ಆಕಾರ ಕೆಡದಿರಲೆಂದು ಜೇಬಿನ ಮುಚ್ಚಳಕ್ಕೆ ಸಡಿಲವಾಗಿ ನಾಲ್ಕು ಟಾಕು ಹಾಕುವುದು ಈ ಕಸುಬಿನ ಪದ್ಧತಿ. ಒಂದು ದಾರ ಎಳೆದರೆ ಪೂರ್ತಿ ಬರುತ್ತದೆ. ಅಲ್ಲಿನವರು ಮುಚ್ಚಳವನ್ನು ಕೋಟಿನ ಮೈಗೇ ಸೇರಿಸಿ, ಅತಿ ಸಣ್ಣ ಹೊಲಿಗೆಯಲ್ಲಿ, ಒಂದರ ಮೇಲೊಂದು ಎರಡು ಸುತ್ತು ಹೊಡೆದಿದ್ದರು. ಒಂದರಲ್ಲಲ್ಲ, ಎಲ್ಲದರಲ್ಲೂ. "ಮುಂಡೇವಕ್ಕೆ ಕೆಲಸವೇ ಗೊತ್ತಿಲ್ಲ," ಎಂದು ಕತ್ತರಿಯಮ್ಮ ಉಗುರು ಮುರಿದುಕೊಂಡು ಬಯ್ದಳು. ಮೊದಲನೆಯ ಜೇಬು ಬಿಚ್ಚಿದಾಗ ಐದಕ್ಕ ಯಾರೂ ನೋಡದಂತೆ ಒಳಗೆ ಬೆರಳು ತೂರಿಸಿ ಹುಡುಕಿದಳು. ಕಥೆಗಳಲ್ಲಾದರೆ ಅಲ್ಲೊಂದು ಕಾಗದ ಇರಬೇಕು, 'ಅಕ್ಕಾ, ನಮ್ಮನ್ನು ಕಾಪಾಡು' ಎಂದು ಯಾವುದೋ ಲಿಪಿಯಲ್ಲಿ. ಏನೂ ಇರಲಿಲ್ಲ. ಒಂದಿಷ್ಟು ನೂಲಿನ ಜುಂಗು. ತನ್ನನ್ನು ಯಾರೋ ಅಕ್ಕಾ ಎಂದು ಕರೆಯಬಹುದೆಂಬ ಆಸೆ ಹುಟ್ಟಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಮಾಮೂಲಿ ಬಟ್ಟೆಯಾದರೆ ಹೊಲಿಗೆ ಬಿಚ್ಚಿದ ತೂತು ಉಗುರಿನಿಂದ ನಾಲ್ಕು ಸಲ ಗೀರಿದರೆ ಕೂಡಿಕೊಳ್ಳುತ್ತದೆ. ನೀರು ತಡೆಯುವ ಲೇಪದ ಬಟ್ಟೆಗೆ ಆ ಕ್ಷಮಾಗುಣವಿಲ್ಲ. ಒಮ್ಮೆ ಸೂಜಿ ದಾಟಿತೆಂದರೆ ಆ ತೂತು ಕೋಟು ಸಾಯುವವರೆಗೆ ಇರುತ್ತದೆ. ಮಳೆಕೋಟು ಹೊಲಿಯುವವರಿಗೆ ಮೊದಲ ದಿನವೇ ಕಲಿಸುವ ಪಾಠ. ಜೇಬಿನ ಸುತ್ತ ಬೆಳಕಿನ ಚುಕ್ಕಿಗಳು ಎರಡು ಸಾಲಾಗಿ ನಿಂತಿದ್ದವು, ಅಂತರ ಒಂದೇ ಸಮ, ಒಂದೂ ಅತ್ತಿತ್ತ ಸರಿದಿಲ್ಲ. ಇಷ್ಟು ಚೆನ್ನಾಗಿ ಹೊಲಿಯಬಲ್ಲವಳಿಗೆ ಕೆಲಸ ಗೊತ್ತಿಲ್ಲ ಎಂದರೆ ನಂಬುವುದು ಹೇಗೆ. ಎದ್ದು ಹೋಗುವ ಮುಂಚಿನ ದಿನಗಳಲ್ಲಿ ಅವರು ತಲೆ ತಗ್ಗಿಸಿ, ಮೇಲ್ವಿಚಾರಕರಿಗೆ ಅನುಮಾನ ಬಾರದಂತೆ, ಬಹಳ ಮುತುವರ್ಜಿಯಿಂದ ಇದನ್ನು ಮಾಡಿದ್ದಾರೆ. ಇದನ್ನು ಬಿಚ್ಚುವ ಕೈ ಯಾವ ದೇಶದ್ದಾದರೂ ಆಗಬಹುದು, ಕೋಟು ಮಾತ್ರ ಇನ್ನು ಯಾರ ಮೈಮೇಲೂ ಮಳೆ ತಡೆಯುವುದಿಲ್ಲ. ಆವತ್ತು ಗೇಟಿನ ಹೊರಗೆ ಕೂತ ನಮಗೆ ಇದು ಹೊಳೆಯಲಿಲ್ಲವಲ್ಲ. ಹೊಳೆದಿದ್ದರೂ ಅಲ್ಲಿ ಮೇಜಿನ ಮುಂದೆ ಕೂತು ಎಂಬತ್ತು ಕೋಟು ನೋಡಿದವಳು ಯಾರೋ ಒಬ್ಬಳಿರಬೇಕಲ್ಲ. ಅಲ್ಲಿಯೂ ಒಬ್ಬ ಐದಕ್ಕ.

ಮ್ಯಾನೇಜರಿಗೆ ಹೇಳಿದಾಗ ಅವರು ಮೇಣದಬತ್ತಿ ತರಿಸಿದರು. ತೂತಿನ ಮೇಲೆ ಮೇಣ ತಿಕ್ಕಿ ಬೆಚ್ಚನೆಯ ಇಸ್ತ್ರಿ ಎಳೆದರೆ ಕಣ್ಣಿಗೆ ಕಾಣದು. "ಮಳೆಯಲ್ಲಿ, ಸಾರ್?" ಎಂದಿದ್ದಳು. "ಮಳೆಯಲ್ಲಿ ನೆನೆಯೋಳು ನೀನಾ?" ಎಂದು ಅವರು ನಕ್ಕು, ಗಾಜಿನ ಕೋಣೆಯ ಕಡೆ ಗದ್ದ ತೋರಿಸಿ ಹೋಗಿದ್ದರು.

ಇವತ್ತು ಅವಳು ಎಂಬತ್ತು ಕೋಟುಗಳನ್ನು ಮೇಜಿನ ಮೇಲೆ ಒಟ್ಟಿಕೊಂಡು ನಿಂತಾಗ ಹತ್ತು ಗಂಟೆ. ಮೊದಲನೆಯದರ ಜೇಬನ್ನು ಎರಡು ಬೆರಳ ನಡುವೆ ಹೊಸೆದಳು. ಮೇಣ ತಲೆಹೊಟ್ಟಿನಂತೆ ಉದುರಿತು. ಬೆಳಕಿಗೆ ಹಿಡಿದಳು. ಒಂದು. ಎರಡನೆಯದು, ಎರಡು. ಐದಕ್ಕೆ ಬಂದಾಗ ಅಭ್ಯಾಸಬಲದಿಂದ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು. ಇಲ್ಲಿಗೆ ನಿಲ್ಲಿಸಿ, ಉಳಿದ ಎಪ್ಪತ್ತೈದನ್ನು ಮಡಿಸಿ ಆಚೆ ಇಟ್ಟರಾಯಿತು. ಅತ್ತೆಗೆ ಬೇರೆ ಡಾಕ್ಟರು, ಗಂಡನ ಕೊಂಕಿಗೆ ಉತ್ತರ, ಬೆನ್ನಿಗೊಂದು ಒರಗು. ಇಲ್ಲದಿದ್ದರೆ ರಾಶಿ ವಾಪಸು ಹೋಗುತ್ತದೆ. ಹೋದರೆ ಅಲ್ಲಿನ ಮಾಲೀಕ ಹೊಸದಾಗಿ ಎರಡು ಸಾವಿರ ಹೊಲಿಸಿ ಕೊಡಬೇಕು. ಹೊಲಿಯುವ ಕೈಗಳು ಅವನ ಗೇಟಿನ ಹೊರಗೆ ಕೂತಿವೆ. ಅವರು ಇದನ್ನೇ ಲೆಕ್ಕ ಹಾಕಿ ಕೂತಿದ್ದಾರೆ. ದೂರದ ಯಾವುದೋ ಮೇಜಿನ ಮುಂದೆ ನಿಲ್ಲುವ, ಮುಖ ಕಾಣದ ಒಬ್ಬ ಹೆಂಗಸಿಗೆ ಎಣಿಸಲು ಬರುತ್ತದೆ ಎಂದು ನಂಬಿ ಕೂತಿದ್ದಾರೆ. ಎಂಥ ಪೆದ್ದಿಯರು. ಅವರ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಆರನೆಯದನ್ನು ಬೆಳಕಿಗೆ ಹಿಡಿದಳು. ಆಮೇಲೆ ಏಳನೆಯದನ್ನು. ಪಕ್ಕದಲ್ಲಿ ಕತ್ತರಿಯಮ್ಮ, "ಏನೇ ಅಕ್ಕ, ಇವತ್ತು ಇಷ್ಟೊತ್ತು? ಅತಿಥಿ ಬರ್ತಾಳೆ ಅಂತ ಅಲಂಕಾರವಾ?" ಎಂದಳು. ಐದಕ್ಕ ಮುಂದಿನ ಕೋಟು ಎತ್ತಿಕೊಂಡಳು. ಎಣಿಕೆ ತಪ್ಪೀತೆಂಬ ಭಯ. ಊಟದ ಗಂಟೆ ಹೊಡೆದಾಗ ಹಾಳೆಯಲ್ಲಿ ಕೆಟ್ಟವು ಎಂಬ ಮನೆಯೊಳಗೆ 80 ಎಂದು ಬರೆದಳು. ಆ ಮನೆ ಒಂದಂಕಿಗಷ್ಟೇ ಸಾಕಾಗುವಂತಿತ್ತು. ಸೊನ್ನೆ ಗೆರೆ ದಾಟಿ ಹೊರಗೆ ಕೂತಿತು. ಮ್ಯಾನೇಜರು ಅದನ್ನು ನೋಡದೆಯೇ ಮಡಿಸಿ ಲಕೋಟೆಗೆ ಹಾಕಿದರು. ಎಂಟು ವರ್ಷದ ನಂಬಿಕೆ.

ಅತಿಥಿ ಒಳ್ಳೆಯವಳೇ. ಕತ್ತರಿಸಿದ ನರೆಗೂದಲು, ಸುಕ್ಕಿನ ನಗು. ಸಾಲಾಗಿ ನಿಂತ ಎಲ್ಲರ ಕೈಗಳನ್ನೂ ತನ್ನೆರಡು ಕೈಗಳಲ್ಲಿ ಹಿಡಿದು ಬಂದಳು. ಕತ್ತರಿಯಮ್ಮನ ಉಗುರಿನ ಗಾಯ ನೋಡಿ ತನ್ನ ಚೀಲದಿಂದ ಪಟ್ಟಿ ತೆಗೆದು ತಾನೇ ಅಂಟಿಸಿದಳು. ಅವಳ ಮಾತನ್ನು ದುಭಾಷಿ ಹುಡುಗಿಯೊಬ್ಬಳು ತಿಳಿಸುತ್ತಿದ್ದಳು: ಒಂದು ದೇಶದ ಹೆಣ್ಣಿನ ನೋವು ಇನ್ನೊಂದು ದೇಶದ ಹೆಣ್ಣಿಗೆ ತಟ್ಟುತ್ತದೆ, ಒಬ್ಬಳ ಗೆಲುವು ಎಲ್ಲರ ಗೆಲುವು. ಅದನ್ನು ಹೇಳುವಾಗ ಅತಿಥಿಯ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ನಲವತ್ತು ಹೊಟ್ಟೆಗಳು ಹಸಿದು ಚಪ್ಪಾಳೆ ತಟ್ಟಿದವು. ಐದಕ್ಕ ಪಿನ್ನು ಬಿಚ್ಚಿ ಹನ್ನೊಂದು ಸಾಲನ್ನೂ ಓದಿದಳು, ಒಂದು ಅಕ್ಷರ ಬಿಡದೆ. ತವರುಮನೆ ಎಂಬಲ್ಲಿ ದನಿ ಸ್ವಲ್ಪ ನಡುಗಿದ್ದನ್ನು ಮ್ಯಾನೇಜರು ಭಕ್ತಿಯೆಂದುಕೊಂಡರು. ಫೋಟೋಕ್ಕೆಂದು ಅತಿಥಿಗೆ ಒಂದು ಕೋಟು ತೊಡಿಸಿದರು. ಆಮೇಲೆ ಲಕೋಟೆ ಕೊಟ್ಟರು.

ಅಂಕಿಗಳಿಗೆ ದುಭಾಷಿ ಬೇಕಿಲ್ಲ. ಅತಿಥಿ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಮ್ಯಾನೇಜರಿಗೆ ತೋರಿಸಿದಳು.

"ಗಾಬರಿ, ಮೇಡಂ," ಎಂದು ಮ್ಯಾನೇಜರು ನಕ್ಕರು. "ಸ್ಟೇಜು ಹತ್ತಬೇಕಲ್ಲ ಅನ್ನೋ ಗಾಬರಿ. ಒಂದು ಸೊನ್ನೆ ಜಾಸ್ತಿ ಬಿದ್ದಿದೆ." ಸೊನ್ನೆ ತೆಗೆದರೂ ಎಂಟು ಉಳಿಯುತ್ತದೆಂದು ಆಮೇಲೆ ಹೊಳೆಯಿತು. ಅವಳ ಕಡೆ ತಿರುಗಿ, ಹಲ್ಲು ಬಿಡದೆ, "ಏನಮ್ಮ ಇದು?" ಎಂದರು.

"ಎಂಬತ್ತು, ಸಾರ್."

ಅತಿಥಿ ಮೆತ್ತಗೆ ಏನೋ ಹೇಳಿದಳು. "ಹಡಗು ನಾಡಿದ್ದು ಹೊರಡುತ್ತಂತೆ," ಎಂದಳು ದುಭಾಷಿ. "ಸೋದರಿ ಇನ್ನೊಮ್ಮೆ ನೋಡೋಕಾಗುತ್ತಾ ಅಂತ ಕೇಳ್ತಿದಾರೆ."

ನಲವತ್ತು ಜೊತೆ ಕಣ್ಣುಗಳು ತನ್ನ ಮೇಲಿದ್ದುದು ಐದಕ್ಕನಿಗೆ ಗೊತ್ತಾಯಿತು. ಅವುಗಳಲ್ಲಿ ಒಂದು ಜೊತೆಯೂ ತನ್ನ ಪರವಾಗಿಲ್ಲ. ಇರಬೇಕಾದ ಕಾರಣವೂ ಇಲ್ಲ. ಸ್ಟೇಜಿನ ಮೇಲೆ ಗಣ್ಯರಿಗೆಂದು ಇಟ್ಟಿದ್ದ ನೀರಿನ ಹೂಜಿ ಎತ್ತಿಕೊಂಡಳು. "ಜೇಬಿನೊಳಗೆ ಕೈ ಇಟ್ಕೊಳ್ಳೋಕೆ ಹೇಳಮ್ಮ ಅವರಿಗೆ," ಎಂದಳು. ಇನ್ನೊಂದು ಫೋಟೋ ಎಂದುಕೊಂಡು ಅತಿಥಿ ನಗುತ್ತ ಕೈ ಇಟ್ಟುಕೊಂಡಳು. ಐದಕ್ಕ ಬಾಗಿ, ಜೇಬಿನ ಮುಚ್ಚಳದ ಬಟ್ಟೆಯನ್ನು ನಾಲ್ಕು ಸಲ ಹೊಸೆದು, ನಿಧಾನವಾಗಿ ನೀರು ಹುಯ್ದಳು. ಮಗುವಿನ ತಲೆಗೆ ಹುಯ್ಯುವಷ್ಟು ನಿಧಾನ. ಒಂದಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಅತಿಥಿಯ ನಗು ನಿಂತಿತು. ಕೈ ಹೊರಗೆ ತೆಗೆದಾಗ ಬೆರಳ ತುದಿಗಳಿಂದ ನೀರು ತೊಟ್ಟಿಕ್ಕಿ ಅವಳ ಬೂಟಿನ ಮೇಲೆ ಬಿತ್ತು. ಹಿಂದೆ ಯಾರೋ ನಕ್ಕು, ಕೆಮ್ಮಿನಂತೆ ಮಾಡಿದರು.

ಅತಿಥಿ ಒದ್ದೆ ಕೈಯಲ್ಲೇ ಸಹಿ ಹಾಕಿದಳು. ಎಷ್ಟಾದರೂ ಕಟ್ಟಳೆ ಅವಳ ಕಂಪನಿಯದೇ. ಮಾಲು ವಾಪಸು. ಹೊರಡುವ ಮುನ್ನ ಐದಕ್ಕನ ಭುಜ ತಟ್ಟಿ, ತುಂಬ ಕನಿಕರದಿಂದ ಒಂದು ಮಾತು ಹೇಳಿದಳು. ದುಭಾಷಿ ತಿಳಿಸಿದಳು: "ಅಲ್ಲಿನ ಹೆಣ್ಣುಮಕ್ಕಳಿಗೆ ಪಾಪ ಒಳ್ಳೆ ತರಬೇತಿ ಸಿಕ್ಕಿಲ್ಲ, ಅವರಿಗಾಗಿ ಒಂದು ಶಿಬಿರ ಮಾಡಿಸ್ತೀನಿ ಅಂತಿದಾರೆ."

ಸಂಜೆಯ ಬಸ್ಸಿನಲ್ಲಿ ಯಾರೂ ಅವಳಿಗೆ ಜಾಗ ಬಿಡಲಿಲ್ಲ. ಗಾಜಿನ ಕೋಣೆಗೆ ಆಗಲೇ ಬೇರೆಯವಳ ಹೆಸರು ಕೇಳಿಬರುತ್ತಿತ್ತು. ನಾಳೆ ಬೆಳಿಗ್ಗೆ ಮೊದಲು ಆಫೀಸಿಗೆ ಬಂದು ಕಾಣಬೇಕೆಂದು ಮ್ಯಾನೇಜರು ಹೇಳಿ ಕಳಿಸಿದ್ದರು. ಕಂಬಿ ಹಿಡಿದು ನಿಂತವಳ ಕಿವಿಗೆ ಬೀಳುವಂತೆಯೇ ಮಾತುಗಳು ಬಂದವು. ಹದಿನೈದು ದಿನ ಮೈ ಮುರಿದದ್ದು ನೀರುಪಾಲು. ಮುಂದಿನ ತಿಂಗಳ ಹೆಚ್ಚಿನ ಕೆಲಸವೂ ಹೋಯಿತು. ಎಂಟು ವರ್ಷ ಕುರುಡಿ, ಇವತ್ತೇ ಬಂದುಬಿಟ್ಟಳು ಕಣ್ಣಿನ ಡಾಕ್ಟರು. ಎಲ್ಲ ನಿಜವೇ. ಅವಳು ಕಿಟಕಿಯಾಚೆ ನೋಡಿದಳು; ಅಂಗಡಿಗಳು, ಗೋಡೆಗಳು, ಒಣಗಿಹಾಕಿದ ಬಟ್ಟೆಗಳು. ಮನಸ್ಸಿಗೆ ಹಗುರವಾಗಬೇಕಿತ್ತು, ಆಗಿರಲಿಲ್ಲ. ಈ ಒಂದು ಸತ್ಯವನ್ನು ಉದ್ದಜಡೆಯ ಮುಂದೆ ಇಟ್ಟು ಕೈ ಮುಗಿಯಬಹುದೇ ಎಂದು ಯೋಚಿಸಿದಳು. ಆ ಯೋಚನೆಯಲ್ಲೂ ವ್ಯಾಪಾರದ ವಾಸನೆ ಹೊಡೆದು ಬಿಟ್ಟುಬಿಟ್ಟಳು.

"ನನ್ನ ಹೊಟ್ಟೆ ಮೇಲೆ ಹೊಡೆದೆ ಕಣೇ," ಎಂದಳು ಎದುರು ಸೀಟಿನಿಂದ ಕತ್ತರಿಯಮ್ಮ, ಬೆರಳ ಪಟ್ಟಿಯನ್ನು ನೋಡಿಕೊಳ್ಳುತ್ತ. "ನನ್ನ ಮಗಳ ಹಾಸಿಗೆ ಮೇಲೆ ಹೂಜಿ ನೀರು ಹುಯ್ದೆ."

"ಹೌದು," ಎಂದಳು ಐದಕ್ಕ.

"ತೂತಿದ್ದದ್ದು ಮೊದಲ ದಿನವೇ ಗೊತ್ತಿತ್ತು ನಿಂಗೆ."

"ನಿಂಗೂ ಗೊತ್ತಿತ್ತು."

ಬಸ್ಸು ಎರಡು ನಿಲ್ದಾಣ ದಾಟಿತು. "ಬೇಕು ಅಂತಲೇ ಮಾಡಿದಾರೆ ಅಲ್ವಾ, ಆ ಹೊಲಿಗೆ," ಎಂದಳು ಕೊನೆಗೆ ಕತ್ತರಿಯಮ್ಮ, ದನಿ ತಗ್ಗಿಸಿ. "ಬಿಚ್ಚುವಾಗ ಅನ್ನಿಸ್ತಿತ್ತು. ಅಷ್ಟು ಗಟ್ಟಿ ಹೊಲಿಗೆ ನಾನು ಬಿಚ್ಚಿದ್ದೇ ಇಲ್ಲ. ಹೋಗ್ಲಿ, ಅವರು ಕೇಳಿದ್ದೇನಂತೆ?"

"ಯಾರು?"

"ಅಲ್ಲಿನೋರು ಕಣೇ. ಮಿಷನ್ನು ಬಿಟ್ಟು ಕೂತಿದಾರಲ್ಲ. ಏನು ಕೇಳಿ ಕೂತಿದಾರೆ?"

"ಗೊತ್ತಿಲ್ಲ," ಎಂದಳು ಐದಕ್ಕ.

"ಗೊತ್ತಿಲ್ವಾ?"

"ಕೇಳಲೇ ಇಲ್ಲ ನಾನು."

ಕತ್ತರಿಯಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹಿಂದಿನ ಸೀಟಿನ ಇಬ್ಬರು ಮಾತು ನಿಲ್ಲಿಸಿ ಇತ್ತ ಬಾಗಿದರು. "ಚೆನ್ನಾಗಿದೆ," ಎಂದಳು ಕತ್ತರಿಯಮ್ಮ. "ಯಾವ ಊರಿನೋರೋ, ಏನು ಕೇಳಿದ್ರೋ ತಿಳೀದೆ ನಮ್ಮೆಲ್ಲರ ಕೆಲಸ ಕಳೆದು ಬಂದಿದಾಳೆ ಮಹಾತಾಯಿ. ನಾಳೆ ಬೆಳಿಗ್ಗೆ ಮೊದಲು ಆ ಗುಮಾಸ್ತನ್ನ ಹಿಡಿದು ಕೇಳು."

"ನಾಳೆ ನನ್ನನ್ನ ಗೇಟಿನೊಳಗೆ ಬಿಡ್ತಾರೋ ಇಲ್ವೋ."

"ಹಾಗಾದ್ರೆ ನಾನೇ ಕೇಳ್ತೀನಿ," ಎಂದು ಕತ್ತರಿಯಮ್ಮ ಸಿಡುಕುತ್ತ, ಕಿಟಕಿಯ ಕಡೆ ಒಂದು ಗೇಣು ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತಳು.